ಹಳೇ ಪಿಕಪ್‌ನ ಗಡಗಡ ಸದ್ದಿಗೆ ಮದ್ದು

ಹಳೇ ಪಿಕಪ್‌ನಲ್ಲಿ ಪಕ್ಕದ ಸೀಟಿನವರ ಮಾತು ಸರಿಯಾಗಿ ಕೇಳಿಸುವುದು ಗಾಡಿ ನಿಂತಾಗ ಮಾತ್ರ. ತಗಡು ಗಡಗಡ ಅನ್ನುತ್ತದೆ, ಬಾಗಿಲ ಸಂದಿಯಲ್ಲಿ ಗಾಳಿ ಶಿಳ್ಳೆ ಹಾಕುತ್ತದೆ, ಟೈರಿನ ಗುಂಯ್ ಸದ್ದು ಕಾಲಡಿಯಿಂದಲೇ ಏಳುತ್ತದೆ. ಇದಕ್ಕೆ ಡ್ಯಾಂಪಿಂಗ್ ಶೀಟ್, ಅಂದರೆ ತಗಡಿನ ನಡುಕ ತಡೆಯುವ ಅಂಟುಹಾಳೆ, ಅಂಟಿಸಿ ಕೈಸುಟ್ಟುಕೊಂಡವರನ್ನು ತುಂಬಾ ನೋಡಿದ್ದೇನೆ. ಕೆಲವೇ ತಿಂಗಳಲ್ಲಿ ಶೀಟ್ ಎದ್ದು ಬರುತ್ತದೆ. ಆಮೇಲೆ ‘ಇದೆಲ್ಲಾ ಸುಮ್ನೆ’ ಅನ್ನುತ್ತಾರೆ. ಕೊಳೆ ಮೇಲೆ ಅಂಟಿಸಿದ್ದನ್ನು ಮಾತ್ರ ಹೇಳುವುದಿಲ್ಲ.

1. ಮೊದಲು ಸಂದಿ ಹುಡುಕಿ. ಬಾಗಿಲ ರಬ್ಬರ್ ಬೀಡಿಂಗ್ ಮೇಲೆ ಒಂದು ಕಾಗದ ಇಟ್ಟು ಬಾಗಿಲು ಹಾಕಿ, ಎಳೆಯಿರಿ. ಸಲೀಸಾಗಿ ಬಂದರೆ ಬೀಡಿಂಗ್ ಸತ್ತಿದೆ, ಬದಲಿಸಿ. ಎಂಜಿನ್ ಕಡೆಯಿಂದ ವೈರ್ ಒಳಗೆ ಬರುವ ಜಾಗದ ರಬ್ಬರ್ ಬುಶ್‌ಗಳನ್ನೂ ನೋಡಿ. ಸೈಲೆನ್ಸರ್ ಒಡೆದಿದ್ದರೆ ಅದನ್ನು ಸರಿಮಾಡಿಸಿ. ಇಷ್ಟರಲ್ಲೇ ಸದ್ದು ಎಷ್ಟೋ ಇಳಿಯುವುದುಂಟು.

2. ಒಳಗಿನದನ್ನೆಲ್ಲಾ ಬಿಚ್ಚಿ. ಬ್ಯಾಟರಿಯ ನೆಗೆಟಿವ್ ತೆಗೆದು, ಸೀಟು, ಮ್ಯಾಟು, ಬಾಗಿಲ ಪ್ಯಾಡ್ ಬಿಚ್ಚಿ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಹಳದಿ ಕನೆಕ್ಟರ್ ಮುಟ್ಟುವ ಮೊದಲು ಮ್ಯಾನ್ಯುಯಲ್ ಓದಿ.

3. ತೊಳೆಯುವುದು. ಎಲ್ಲರೂ ಎಡವುವುದು ಇಲ್ಲೇ. ಮ್ಯಾಟ್ ಅಡಿಯ ಸ್ಪಂಜು ಒದ್ದೆ ಇದೆಯಾ ನೋಡಿ. ಒದ್ದೆ ಇದ್ದರೆ ಕೆಲಸ ನಿಲ್ಲಿಸಿ, ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಗಾಜಿನ ಅಂಚಿನ ರಬ್ಬರ್ ಮೇಲೆ ಮೊದಲು ಅನುಮಾನ ಪಡಿ. ನೀರು ಬರುತ್ತಿರುವಾಗಲೇ ಶೀಟ್ ಹಾಕಿದರೆ ಅಡಿಯಲ್ಲಿ ತುಕ್ಕು ಬೆಳೆಯುತ್ತದೆ, ನಿಮಗೆ ಕಾಣುವುದೂ ಇಲ್ಲ.

ತುಕ್ಕನ್ನು ವೈರ್ ಬ್ರಶ್‌ನಿಂದ ಉಜ್ಜಿ, ಪ್ರೈಮರ್ ಹೊಡೆದು, ಪೂರ್ತಿ ಒಣಗಲು ಬಿಡಿ. ಬೆರಳಿಗೆ ಒಣಗಿದಂತೆ ಕಂಡರೆ ಸಾಲದು. ಹಳೇ ಅಂಟನ್ನು ಕೆರೆದು ತೆಗೆಯಿರಿ. ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬಿಳಿ ಬಟ್ಟೆಯಲ್ಲಿ ಒರೆಸಿ. ಬಾಗಿಲುಗಳು ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಬಟ್ಟೆ ಕಪ್ಪಾದರೆ ಮತ್ತೆ ಒರೆಸಿ. ಬಟ್ಟೆ ಬಿಳಿಯಾಗೇ ಉಳಿಯುವವರೆಗೆ ಒರೆಸಬೇಕು. ಬೇಜಾರಿನ ಕೆಲಸವೇ, ಆದರೆ ನನ್ನ ಲೆಕ್ಕದಲ್ಲಿ ಒಂದು ಇಡೀ ದಿನ ಇದಕ್ಕೇ ಹೋಗಬೇಕು.

4. ಅಂಟಿಸುವುದು. ಬ್ಯೂಟೈಲ್ ಅನ್ನುವ ರಬ್ಬರಿನ ಶೀಟನ್ನೇ ತನ್ನಿ. ಒಂದು ಕಡೆ ಅಲ್ಯೂಮಿನಿಯಂ ಹಾಳೆ, ಇನ್ನೊಂದು ಕಡೆ ಅಂಟು. ಸುಮಾರು 2 ಮಿ.ಮೀ. ದಪ್ಪ ಸಾಕು. ಅಗ್ಗಕ್ಕೆ ಸಿಗುವ ಟಾರಿನ ಶೀಟ್ ಬೇಡವೇ ಬೇಡ. ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ, ಒಳಗೆಲ್ಲಾ ಟಾರು ವಾಸನೆ. ಛಾವಣಿ ಸೋರದಂತೆ ಹಾಕುವ ಟೇಪ್ ತಂದು ಅಂಟಿಸುವವರೂ ಇದ್ದಾರೆ. ಅದರಲ್ಲೂ ಟಾರಿನದೇ ಜಾಸ್ತಿ.

ಇಡೀ ನೆಲ ಮುಚ್ಚಬೇಕಿಲ್ಲ. ಬೆರಳಿನ ಗೆಣ್ಣಿನಿಂದ ತಗಡನ್ನು ತಟ್ಟಿ. ‘ಟಣ್’ ಅಂದರೆ ಅಲ್ಲಿ ಹಾಕಿ, ‘ದಪ್’ ಅಂದರೆ ಬಿಡಿ. ಅಗಲವಾದ ಚಪ್ಪಟೆ ತಗಡಿನ ನಡುಭಾಗದಲ್ಲಿ 25ರಿಂದ 40 ಶೇಕಡಾ ಮುಚ್ಚಿದರೆ ನಡುಕ ಬಹುಪಾಲು ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿ ಹಾಕಿದರೆ ಗಾಡಿಗೆ ಭಾರ, ಅಷ್ಟೇ. ಪಿಕಪ್‌ನಲ್ಲಿ ಸೀಟಿನ ಹಿಂದಿನ ಗೋಡೆ ತಮಟೆಯ ಹಾಗೆ. ನಾನಂತೂ ಅಲ್ಲಿಂದಲೇ ಶುರುಮಾಡುತ್ತೇನೆ. ಅಲ್ಲಿ ಗಾಳಿ ಹೊರಹೋಗುವ ಕಿಂಡಿ ಇದ್ದರೆ ಮುಚ್ಚಬೇಡಿ, ಒಳಗಿನ ಗಾಳಿಗೆ ದಾರಿ ಇಲ್ಲದೆ ಬಾಗಿಲು ಹಾಕಲು ಕಷ್ಟವಾಗುತ್ತದೆ.

ಚಳಿ ಇದ್ದರೆ ಶೀಟನ್ನು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ. ಕೈಗವಸು ಹಾಕಿ, ಹಾಳೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಅಂಗೈಯಲ್ಲಿ ಒತ್ತಿದರೆ ಆಗದು, ರೋಲರ್ ಬೇಕು. ನಡುವಿನಿಂದ ಅಂಚಿಗೆ, ಮೈಭಾರ ಹಾಕಿ ಉರುಳಿಸಿ. ಹಾಳೆಯ ಮೇಲೆ ಉಬ್ಬುಚ್ಚು ಇದ್ದರೆ ಅದು ಅಳಿಸಿಹೋಗುವವರೆಗೆ ಬಿಡಬೇಡಿ. ಗುಳ್ಳೆ ಎದ್ದರೆ ಸೂಜಿಯಲ್ಲಿ ಚುಚ್ಚಿ ಗಾಳಿ ತೆಗೆದು ಮತ್ತೆ ಉರುಳಿಸಿ.

ಬಾಗಿಲಲ್ಲಿ ಹೊರ ತಗಡಿನ ಒಳಮೈಗೆ ಹಾಕಿ. ಕೆಳಗಿನ ನೀರು ಇಳಿಯುವ ತೂತು ತೆರೆದೇ ಇರಲಿ, ಗಾಜು ಇಳಿಯುವ ದಾರಿಗೂ ಅಡ್ಡ ಬರಬಾರದು. ಛಾವಣಿ ಹೊರುವ ಬಾಗಿಲ ಪಕ್ಕದ ಕಂಬಗಳ ಒಳಗೆ ಸ್ಪ್ರೇ ಫೋಮ್ ತುಂಬಿಸುವ ಐಡಿಯಾ ಯಾರೇ ಕೊಟ್ಟರೂ ಕೇಳಬೇಡಿ. ನೀರು ಒಳಗೇ ಕೂತು ತಗಡು ತಿನ್ನುತ್ತದೆ.

5. ಎರಡನೇ ಪದರ. ಬ್ಯೂಟೈಲ್ ತಗಡಿನ ನಡುಕ ನಿಲ್ಲಿಸುತ್ತದೆ, ಗಾಳಿಯಲ್ಲಿ ಬರುವ ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ಟೈರಿನ ಸದ್ದು ಇನ್ನೂ ಕಾಡಿದರೆ ನೆಲಕ್ಕೆ ನೀರು ಹೀರದ ಫೋಮ್, ಅದರ ಮೇಲೆ ಭಾರದ ವಿನೈಲ್ ಹಾಸಿ. ಚದರ ಮೀಟರಿಗೆ ಸುಮಾರು 5 ಕಿಲೋ ತೂಗುವ ವಿನೈಲ್ ಸಿಗುತ್ತದೆ. ಇದು ಮಾತ್ರ ತುಂಡುತುಂಡಾಗಿ ಇರಬಾರದು. ಸಂದಿಗಳನ್ನು ಟೇಪ್ ಹಾಕಿ ಮುಚ್ಚಿ.

6. ಮತ್ತೆ ಜೋಡಿಸಿ. ಸೀಟು ಮತ್ತು ಬೆಲ್ಟಿನ ಬೋಲ್ಟ್‌ಗಳ ಅಡಿಗೆ ಶೀಟ್ ಸಿಗಬಾರದು. ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಬಿಗಿ ಮಾಡಿ.

ಮೊದಲ ಸಲ ಓಡಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಹೊಸದೊಂದು ಕಟಕಟ ಕೇಳಿಸಬಹುದು. ಗಾಬರಿ ಬೇಡ, ಅದು ಮೊದಲಿಂದಲೂ ಇತ್ತು. ಸದ್ದು ಬರುವ ಜಾಗಕ್ಕೆ ಒಂದು ತುಂಡು ಫೆಲ್ಟ್ (ಮೆತ್ತನೆ ಬಟ್ಟೆಯ) ಟೇಪ್ ಸಾಕು.