ಸಕ್ಕರ್ ಮೀನು ತರುವ ಮುಂಚೆ ಇಷ್ಟು ಗೊತ್ತಿರಲಿ

ಕಲಬುರಗಿಯಲ್ಲಿ ಅಕ್ವೇರಿಯಂ ಅಂಗಡಿಗೆ ಹೋದರೆ ಇದನ್ನು 'ಟ್ಯಾಂಕ್ ಕ್ಲೀನರ್' ಅಂತ ಕೈಗಿಡುತ್ತಾರೆ. ಎರಡು ಇಂಚಿನ ಮರಿ, ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ಕೆರೆಯುತ್ತಿರುತ್ತದೆ, ಮುದ್ದಾಗಿ ಕಾಣುತ್ತದೆ. ಅದು ಒಂದು ಅಡಿ ದಾಟಿ ಬೆಳೆಯುತ್ತದೆ ಅಂತ ನನಗಂತೂ ಯಾರೂ ಹೇಳಿರಲಿಲ್ಲ. ಎರಡಡಿ ಟ್ಯಾಂಕ್ ಇದ್ದವರು ತರಲೇಬೇಡಿ. ಪಾಚಿಗೋಸ್ಕರವೇ ಬೇಕಿದ್ದರೆ ಬ್ರಿಸಲ್‌ನೋಸ್ ಅನ್ನೋ ಚಿಕ್ಕ ಜಾತಿಯ ಸಕ್ಕರ್ ಕೇಳಿ, ಐದಾರು ಇಂಚಿಗೆ ನಿಲ್ಲುತ್ತದೆ. ದೊಡ್ಡ ಜಾತಿಗೆ ಕೊನೆಗೆ 300 ಲೀಟರ್‌ಗೂ ಜಾಸ್ತಿ ನೀರು ಹಿಡಿಯುವ ಟ್ಯಾಂಕೇ ಬೇಕು.

ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ ನದಿಗಳ ಕಡೆ. ಹಗಲು ಬಿದ್ದ ಮರದ ಸಂದಿಯಲ್ಲಿ, ದಂಡೆಯ ಬಿಲದಲ್ಲಿ ಅಡಗಿ ರಾತ್ರಿ ಮೇಯುತ್ತದೆ. ಅದಕ್ಕೇ ಟ್ಯಾಂಕಿನಲ್ಲೂ ಒಡೆದ ಮಣ್ಣಿನ ಗಡಿಗೆ, ಒಂದು ತುಂಡು ಮರ ಇಡಿ. ಶಹಾಬಾದ್ ಕಲ್ಲು ಬೇಡ. ಅದು ಸುಣ್ಣದ ಕಲ್ಲು. ನಮ್ಮ ಬೋರ್ ನೀರು ಮೊದಲೇ ಗಡಸು, ಸುಮ್ನೆ ಇನ್ನೂ ಗಡಸು ಮಾಡೋದ್ಯಾಕೆ?

ಪಾಚಿ ತಿಂದುಕೊಂಡೇ ಇರುತ್ತದೆ ಅಂದುಕೊಂಡರೆ ಮೀನು ಉಪವಾಸ ಬೀಳುತ್ತದೆ. ರಾತ್ರಿ ಲೈಟ್ ಆರಿಸಿದ ಮೇಲೆ ಸೌತೆಕಾಯಿ ಹೋಳಿಗೆ ಸ್ಟೀಲ್ ಚಮಚ ಚುಚ್ಚಿ ಮುಳುಗಿಸಿ, ಉಳಿದಿದ್ದನ್ನು ಬೆಳಿಗ್ಗೆ ತೆಗೆಯಿರಿ. ಇನ್ನೊಂದು ವಿಷಯ, ಕ್ಲೀನರ್ ಅಂತ ಹೆಸರಷ್ಟೇ, ಇದು ಮಾಡುವ ಗಲೀಜೇ ಎಲ್ಲಕ್ಕಿಂತ ಜಾಸ್ತಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಕೆಟ್‌ನಲ್ಲಿ ತೆರೆದಿಡಿ.

ಹಿಡಿಯಬೇಕಾದರೆ ಬಲೆ ಹಾಕಬೇಡಿ, ರೆಕ್ಕೆಯ ಮುಳ್ಳು ಸಿಕ್ಕಿಕೊಂಡರೆ ಬಲೆ ಕತ್ತರಿಸಿಯೇ ಬಿಡಿಸಬೇಕು, ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಮೆಲ್ಲಗೆ ತಳ್ಳಿ. ಮೇ ತಿಂಗಳ ಸೆಕೆಯಲ್ಲಿ ಕರೆಂಟ್ ಹೋಗಿ ಏರ್ ಪಂಪ್ ನಿಂತರೆ ಇದು ಮೇಲೆ ಬಂದು ಗಾಳಿ ನುಂಗುತ್ತದೆ, ಹೊಟ್ಟೆಯಿಂದಲೇ ಉಸಿರಾಡುತ್ತದೆ! ಜೊತೆಗಿರೋ ಗೋಲ್ಡ್‌ಫಿಶ್‌ಗೆ ಆ ಉಪಾಯ ಇಲ್ಲ. ಅದೂ ಅಲ್ಲದೆ ಹಸಿದ ಸಕ್ಕರ್ ಗೋಲ್ಡ್‌ಫಿಶ್‌ನ ಮೈಗೇ ಅಂಟಿಕೊಂಡು ಲೋಳೆ ಕೆರೆಯುತ್ತದೆ, ಎರಡನ್ನೂ ಒಟ್ಟಿಗೆ ಇಡಬೇಡಿ.

ಬೆಳೆದು ಜಾಗ ಸಾಲದಾಯ್ತು ಅಂತ ಕಲಬುರಗಿಯ 'ಅಪ್ಪನ ಕೆರೆ'ಗೋ ಭೀಮಾ ನದಿಗೋ ಬಿಟ್ಟು ಬಂದರೆ ಪುಣ್ಯ ಬರಲ್ಲ. ಮೈಮೇಲೆ ಗಟ್ಟಿ ಎಲುಬಿನ ಹೊದಿಕೆ ಇರೋದರಿಂದ ಬೇರೆ ಮೀನು ಸುಲಭಕ್ಕೆ ತಿನ್ನಲ್ಲ, ಮೊಟ್ಟೆ ಇಡಲು ದಂಡೆ ಕೊರೆದು ಮಣ್ಣು ಕುಸಿಯುವ ಹಾಗೆ ಮಾಡುತ್ತದೆ, ಮೀನುಗಾರರ ಬಲೆ ಹರಿಯುತ್ತದೆ. ಭೀಮಾ ಹೋಗಿ ಸೇರೋದು ಕೃಷ್ಣೆಗೆ, ಅಲ್ವಾ? ಅಂಗಡಿಯವರಿಗೇ ವಾಪಸ್ ಕೊಡಿ, ದುಡ್ಡು ಕೇಳಬೇಡಿ, ಬಹಳಷ್ಟು ಜನ ತಗೊಳ್ತಾರೆ.