ಕೀಲಿಮಣೆ, ಟಚ್‌ಪ್ಯಾಡ್ ಎರಡೂ ಒಟ್ಟಿಗೆ ಕೈಕೊಟ್ಟಾಗ

ಇನ್ನೂರ ನಲವತ್ತು ಪುಟಗಳ ಪುಸ್ತಕವೊಂದರ ಕೊನೆಯ ಕರಡು ತಿದ್ದಿ ಸಂಜೆಯೊಳಗೆ ಅಚ್ಚಿನ ಮನೆಗೆ ಕಳಿಸಬೇಕಿತ್ತು. ಬೆಳಿಗ್ಗೆ ಆರೂವರೆಗೆ ಲ್ಯಾಪ್‌ಟಾಪ್ ತೆರೆದೆ. ಪರದೆ ಬೆಳಗಿತು, ಪಾಸ್‌ವರ್ಡ್ ಕೇಳಿತು. ಎಷ್ಟು ಒತ್ತಿದರೂ ಒಂದು ಅಕ್ಷರ ಮೂಡಲಿಲ್ಲ. ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿದೆ, ಬಾಣದ ಗುರುತು ಕದಲಲಿಲ್ಲ. ಹಿಂದಿನ ರಾತ್ರಿ ಹನ್ನೊಂದರವರೆಗೂ ಇದೇ ಕೀಲಿಮಣೆಯಲ್ಲಿ ಕೆಲಸ ಮಾಡಿದ್ದೆ. ನೀರು ಚೆಲ್ಲಿರಲಿಲ್ಲ, ಯಂತ್ರ ಕೆಳಗೆ ಬಿದ್ದಿರಲಿಲ್ಲ.

ನನ್ನದು ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿ ಟ್ಯಾಬ್ಲೆಟ್‌ನಂತೆ ಹಿಡಿಯಬಹುದಾದ ಲ್ಯಾಪ್‌ಟಾಪ್. 2012ರಲ್ಲಿ ಲೆನೊವೊದ ‘ಯೋಗ’ ಬಂದ ಮೇಲೆ 360 ಡಿಗ್ರಿ ತಿರುಗುವ ಇಂಥ ಹಿಂಜ್ ಬೇರೆ ಬೇರೆ ಕಂಪನಿಗಳ ಯಂತ್ರಗಳಲ್ಲೂ ಸಾಮಾನ್ಯವಾಯಿತು. ಪುಟವಿನ್ಯಾಸ ಮಾಡುವಾಗ ಕೀಲಿಮಣೆ ಬೇಕು. ಕರಡು ತಿದ್ದುವಾಗ ಪರದೆಯನ್ನು ಹಿಂದಕ್ಕೆ ಮಡಚಿಕೊಂಡು ಕಾಗದದ ಮೇಲೆ ಗೀಚಿದಂತೆ ಪೆನ್ನಿನಲ್ಲಿ ಗುರುತು ಹಾಕಬಹುದು. ಎರಡಕ್ಕೂ ಒಂದೇ ಯಂತ್ರ ಸಾಕು ಎಂದೇ ನಾನು ಇದನ್ನು ಕೊಂಡದ್ದು. ನನ್ನ ಅನ್ನ ಇದರಲ್ಲಿದೆ, ಹಾಗಾಗಿ ಅದು ಕೈಕಟ್ಟಿ ಕೂತಾಗ ಎದೆ ಹೊಡೆದುಕೊಂಡಿತು.

ಪುಣ್ಯಕ್ಕೆ ಪರದೆಯ ಸ್ಪರ್ಶ ಕೆಲಸ ಮಾಡುತ್ತಿತ್ತು. ಲಾಗಿನ್ ಪರದೆಯ ಬಲಮೂಲೆಯಲ್ಲಿ ಮನುಷ್ಯನ ಆಕೃತಿಯ ಸಣ್ಣ ಚಿತ್ರವೊಂದಿರುತ್ತದೆ. ಅದನ್ನು ಮುಟ್ಟಿದರೆ ಪರದೆಯ ಮೇಲೆಯೇ ಕೀಲಿಮಣೆ ತೆರೆಯುವ ಆಯ್ಕೆ ಸಿಗುತ್ತದೆ. ಹಾಗೆ ಒಳಗೆ ಹೋದೆ. ಆದರೆ ಅದರಲ್ಲಿ ಪುಸ್ತಕದ ಕೆಲಸ ಸಾಗುವಂತಿರಲಿಲ್ಲ. ನನ್ನ ಬೆರಳುಗಳಿಗೆ ರೂಢಿಯಾಗಿರುವುದು ಕೆ. ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸ. ಕಣ್ಣು ಮುಚ್ಚಿದರೂ ಒತ್ತಕ್ಷರಗಳು ಬೀಳುತ್ತವೆ. ಗಾಜಿನ ಮೇಲೆ ಒಂದೊಂದೇ ಅಕ್ಷರ ಹುಡುಕುತ್ತಾ ಕೂತರೆ ಒಂದು ಪುಟ ಮುಗಿಸಲು ಬೆಳಗಾಗುತ್ತದೆ. ಎದುರು ಮನೆಯ ಹುಡುಗನಿಂದ ಯುಎಸ್‌ಬಿ ಕೀಲಿಮಣೆಯನ್ನೂ ಮೌಸನ್ನೂ ತಂದು ಸಿಕ್ಕಿಸಿದೆ. ಎರಡೂ ತಕ್ಷಣ ಓಡಿದವು. ಕೆಲಸ ನಿಲ್ಲಲಿಲ್ಲ, ಸಂಜೆ ಐದಕ್ಕೆ ಕಡತ ಕಳಿಸಿದೆ. ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದದ್ದು ಇದೇ ಎಂದು ನನ್ನ ಅಭಿಪ್ರಾಯ. ಮುನ್ನೂರು ನಾನೂರು ರೂಪಾಯಿಯ ಒಂದು ಯುಎಸ್‌ಬಿ ಕೀಲಿಮಣೆ ಕೈಯಲ್ಲಿದ್ದರೆ ಗಾಬರಿ ಅರ್ಧ ಇಳಿಯುತ್ತದೆ. ಗಾಬರಿ ಇಳಿದರೆ ಮಾತ್ರ ತಲೆ ಓಡುತ್ತದೆ.

ಮಧ್ಯಾಹ್ನ ಬಡಾವಣೆಯ ದುರಸ್ತಿ ಅಂಗಡಿಗೆ ಫೋನ್ ಮಾಡಿದ್ದೆ. “ಕೀಬೋರ್ಡ್ ಹೋಗಿದೆ ಮೇಡಂ. ಈ ಮಾಡೆಲ್‌ನಲ್ಲಿ ಕೀಬೋರ್ಡ್ ಒಂದನ್ನೇ ಬದಲಿಸಲು ಬರುವುದಿಲ್ಲ, ಮೇಲಿನ ಇಡೀ ಭಾಗ ಬದಲಿಸಬೇಕು. ಎಂಟು ಸಾವಿರದವರೆಗೆ ಆಗಬಹುದು” ಎಂದರು. ಅವರು ಹೇಳಿದ್ದರಲ್ಲಿ ಒಂದು ಮಾತು ನಿಜ. ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಕೀಲಿಮಣೆಯನ್ನು ಮೇಲಿನ ಕವಚಕ್ಕೇ ಹತ್ತಾರು ಪ್ಲಾಸ್ಟಿಕ್ ಮೊಳೆಗಳನ್ನು ಕರಗಿಸಿ ಕೂರಿಸಿರುತ್ತಾರೆ. ಆದರೆ “ಕೀಬೋರ್ಡ್ ಹೋಗಿದೆ” ಎಂಬ ಮಾತನ್ನು ನನ್ನ ಮನಸ್ಸು ಒಪ್ಪಲಿಲ್ಲ. ಕೀಲಿಮಣೆ ಹೋದರೆ ಕೀಲಿಮಣೆ ಹೋಗಬೇಕು. ಅದರ ಜೊತೆಗೆ ಟಚ್‌ಪ್ಯಾಡ್ ಯಾಕೆ ಹೋಯಿತು?

ಆ ಪ್ರಶ್ನೆಯೇ ನನ್ನನ್ನು ಮುಂದಕ್ಕೆ ನಡೆಸಿತು. ಹೊರಗಿನಿಂದ ಅಕ್ಕಪಕ್ಕ ಕಂಡರೂ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಇವೆರಡರ ಸಂದೇಶ ಸಾಗುವ ದಾರಿಗಳು ಬೇರೆ. ಒಳಗಿನ ಕೀಲಿಮಣೆ ಇವತ್ತಿಗೂ 1987ರ ಐಬಿಎಂ ಪಿಎಸ್-2 ಕಂಪ್ಯೂಟರ್‌ಗಳ ಕಾಲದ ಹಳೆಯ ಕ್ರಮದಲ್ಲೇ ಮಾತಾಡುತ್ತದೆ. ಟಚ್‌ಪ್ಯಾಡ್ ಮಾತಾಡುವುದು 1982ರಲ್ಲಿ ಫಿಲಿಪ್ಸ್ ರೂಪಿಸಿದ ಐ-ಟು-ಸಿ ತಂತಿಗಳ ಮೂಲಕ. ಬೇರೆ ಬೇರೆ ದಾರಿಯಲ್ಲಿ ಓಡಾಡುವ ಇಬ್ಬರು ಒಂದೇ ಗಳಿಗೆಯಲ್ಲಿ ನಿಂತರೆಂದರೆ ಇಬ್ಬರಿಗೂ ಯಾರೋ ‘ನಿಲ್ಲಿ’ ಎಂದು ಹೇಳಿರಬೇಕು. ಹಾಗೆ ಹೇಳುವ ಅಧಿಕಾರ ಇಂಥ ಯಂತ್ರದಲ್ಲಿ ಒಂದಕ್ಕೆ ಖಂಡಿತ ಇದೆ. ಪರದೆಯನ್ನು ಹಿಂದಕ್ಕೆ ಮಡಚಿ ಟ್ಯಾಬ್ಲೆಟ್ ಮಾಡಿಕೊಂಡಾಗ ಕೀಲಿಮಣೆ ಅಂಗೈಯ ಕೆಳಗೆ ಬರುತ್ತದೆ. ಹಿಡಿದಾಗಲೆಲ್ಲ ಕೀಲಿಗಳು ಒತ್ತಿಹೋಗಬಾರದೆಂದು ಯಂತ್ರವೇ ಎರಡನ್ನೂ ಮಲಗಿಸಿಬಿಡುತ್ತದೆ. ಈ ಕೆಲಸ ನೋಡಿಕೊಳ್ಳುವ ಸಣ್ಣ ಚಿಪ್ ಮದರ್‌ಬೋರ್ಡ್‌ನಲ್ಲಿರುತ್ತದೆ, ಎಂಬೆಡೆಡ್ ಕಂಟ್ರೋಲರ್ ಎಂದು ಅದರ ಹೆಸರು.

ಅಂದರೆ ನನ್ನ ಲ್ಯಾಪ್‌ಟಾಪ್ ಮೇಜಿನ ಮೇಲೆ ಲ್ಯಾಪ್‌ಟಾಪ್‌ನಂತೆ ಕೂತಿದ್ದರೂ ತನ್ನನ್ನು ಟ್ಯಾಬ್ಲೆಟ್ ಎಂದುಕೊಂಡಿದೆಯೇ?

ಇದನ್ನು ಪರೀಕ್ಷಿಸಲು ಸ್ಕ್ರೂಡ್ರೈವರ್ ಬೇಡ. ಇಡೀ ಯಂತ್ರವನ್ನು ಅಡಿಗೆ ಹಾಸಿದ್ದ ಚೀಲದ ಸಮೇತ ಎರಡೂ ಕೈಯಲ್ಲಿ ಹಿಡಿದು ಪುಸ್ತಕ ತಿರುಗಿಸಿದಂತೆ ಪಕ್ಕಕ್ಕೆ ವಾಲಿಸಿದೆ. ಪರದೆಯ ಚಿತ್ರ ಗಿರಕ್ಕನೆ ತಿರುಗಿ ನಿಂತಿತು. ಸಾಮಾನ್ಯವಾಗಿ ತೆರೆದಿಟ್ಟ ಸ್ಥಿತಿಯಲ್ಲಿ ನನ್ನ ಯಂತ್ರ ಹಾಗೆ ತಿರುಗುವುದಿಲ್ಲ, ಟ್ಯಾಬ್ಲೆಟ್ ಆದಾಗ ಮಾತ್ರ ತಿರುಗುತ್ತದೆ. ಆಮೇಲೆ ಹುಡುಕುವ ಜಾಗದ ಮೇಲೆ ಬೆರಳಿಟ್ಟೆ. ಯಾರೂ ಕರೆಯದೆಯೇ ಸ್ಪರ್ಶದ ಕೀಲಿಮಣೆ ಕೆಳಗಿನಿಂದ ಮೇಲೆದ್ದು ಬಂತು. ಅದೂ ಕೀಲಿಮಣೆ ಇಲ್ಲವೆಂದುಕೊಂಡ ಯಂತ್ರದ ಲಕ್ಷಣ. ಯಂತ್ರದ ಭಾಗಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಎರಡರ ಹೆಸರೂ ಇದ್ದವು, ದೋಷ ಸೂಚಿಸುವ ಹಳದಿ ತ್ರಿಕೋನ ಇರಲಿಲ್ಲ. ಕೊನೆಗೆ ಯಂತ್ರವನ್ನು ಆರಿಸಿ, ಮತ್ತೆ ಹಚ್ಚುವಾಗ ಹೊರಗಿನ ಕೀಲಿಮಣೆಯಿಂದ ಬಯಾಸ್ ಎಂಬ, ವಿಂಡೋಸ್‌ಗೂ ಮೊದಲಿನ ಸೆಟ್ಟಿಂಗ್ ಪರದೆ ತೆರೆದೆ. ಅಲ್ಲಿಯೂ ಒಳಗಿನ ಕೀಲಿಮಣೆ ಮೌನ. ವಿಂಡೋಸ್ ಇನ್ನೂ ಎದ್ದಿರದ ಜಾಗದಲ್ಲೇ ಹೀಗಾದರೆ ದೋಷ ವಿಂಡೋಸ್‌ನದಲ್ಲ. ಈ ಒಂದು ಪರೀಕ್ಷೆ ಮಾಡದೆ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಕೊಂಡು ಎರಡು ದಿನ ಕಳೆದುಕೊಂಡವರನ್ನು ನಾನು ಬಲ್ಲೆ.

ಆ ಸಂಜೆ ಎಂಬೆಡೆಡ್ ಕಂಟ್ರೋಲರ್ ಅನ್ನು ರೀಸೆಟ್ ಮಾಡಿದೆ. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಮಂಚದ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡು ಪವರ್ ಗುಂಡಿಯನ್ನು ಮೂವತ್ತು ಸೆಕೆಂಡು ಬಿಡದೆ ಒತ್ತಿದೆ. ಚಾರ್ಜರ್ ಸಿಕ್ಕಿಸಿ ಚಾಲೂ ಮಾಡಿದರೆ ಕೀಲಿಗಳ ಕೆಳಗಿನ ದೀಪ ಹತ್ತಿತು, ಅಕ್ಷರ ಮೂಡಿದವು. ಇಷ್ಟೇ ತಾನೇ ಎಂದು ನೆಮ್ಮದಿಯಾಗಿ ಮಲಗಿದೆ.

ಮೂರನೆಯ ದಿನ ಮತ್ತೆ ಅದೇ ಕಥೆ. ಮತ್ತೆ ರೀಸೆಟ್, ಮತ್ತೆ ಸರಿಯಾಯಿತು. ಎರಡು ದಿನ ಬಿಟ್ಟು ಮೂರನೆಯ ಸಲ ಕೈಕೊಟ್ಟಿತು. ಈ ಸಲ ರೀಸೆಟ್ ಮಾಡಲೆಂದು ಯಂತ್ರವನ್ನು ಮೇಜಿನಿಂದ ಎತ್ತಿದೆ, ಆರಿಸಲು ಇನ್ನೂ ಕೈ ಹಾಕಿರಲಿಲ್ಲ. ಗಾಳಿಯಲ್ಲಿರುವಾಗಲೇ ಕೀಲಿಗಳ ದೀಪ ತಾನಾಗಿ ಹತ್ತಿತು. ಮೇಜಿನ ಮೇಲಿಟ್ಟೆ, ಆರಿತು. ಎತ್ತಿದೆ, ಹತ್ತಿತು.

ಹಾಗಾದರೆ ಮೊದಲೆರಡು ಸಲ ಯಂತ್ರವನ್ನು ಸರಿಮಾಡಿದ್ದು ರೀಸೆಟ್ ಅಲ್ಲ, ಮೇಜಿನಿಂದ ಎತ್ತಿ ಮಂಚಕ್ಕೆ ಒಯ್ದದ್ದು. ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಯಾವುದರಿಂದ ಗುಣವಾಯಿತೆಂದು ನನಗೆ ತಿಳಿದಿರಲಿಲ್ಲ. ಜ್ವರಕ್ಕೆ ಎರಡು ಮಾತ್ರೆ ನುಂಗಿ ಒಂದಕ್ಕೆ ಹೆಸರು ಕೊಟ್ಟಂತೆ. ಅಂದಿನಿಂದ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತೇನೆ, ಏನು ಮಾಡಿದೆ ಎಂದು ಕರಡಿನ ಹಿಂಬದಿಯಲ್ಲಿ ಬರೆದಿಡುತ್ತೇನೆ.

ಮೇಜಿನ ಮೇಲೆ ಏನಿತ್ತು? ಲ್ಯಾಪ್‌ಟಾಪ್ ಇಡುವ ಚೀಲ. ಹಿಂದಿನ ವಾರ ಬೆಂಗಳೂರಿನಿಂದ ಬಂದಿದ್ದ ನಾದಿನಿ “ಅತ್ತಿಗೆ, ನಿಮ್ಮದು ತುಂಬಾ ಹಳೆಯದಾಯಿತು” ಎಂದು ಹೊಸದೊಂದನ್ನು ತಂದುಕೊಟ್ಟಿದ್ದಳು. ಮೆತ್ತಗಿನ ಬೂದು ಬಟ್ಟೆ, ಮುಚ್ಚುವ ಅಂಚಿನಲ್ಲಿ ಹೊರಗೆ ಕಾಣದ ಹಾಗೆ ಬಟ್ಟೆಯೊಳಗೆ ಹೊಲಿದ ಎರಡು ಅಯಸ್ಕಾಂತದ ಗುಂಡಿಗಳು. ಗಾಜಿನ ಮೇಜು ಗೀರಬಾರದೆಂದು ಅದನ್ನೇ ಹಾಸಿ ಅದರ ಮೇಲೆ ಯಂತ್ರ ಇಡುತ್ತಿದ್ದೆ.

ಪರದೆ ಎಷ್ಟು ಮಡಚಿದೆ ಎಂದು ಇಂಥ ಯಂತ್ರಗಳು ತಿಳಿಯುವ ಬಗೆ ಮುಖ್ಯವಾಗಿ ಎರಡು. ಕೆಲವದರಲ್ಲಿ ಪರದೆಯಲ್ಲೊಂದು, ಬುಡದಲ್ಲೊಂದು ವಾಲಿಕೆಯನ್ನು ಅಳೆಯುವ ಸಂವೇದಕ ಇರುತ್ತದೆ. ಎರಡನ್ನೂ ಹೋಲಿಸಿ ಕೋನ ಲೆಕ್ಕ ಹಾಕುತ್ತದೆ. ಇನ್ನು ಕೆಲವದರಲ್ಲಿ ಪರದೆಯ ಅಂಚಿನಲ್ಲಿ ಪುಟ್ಟ ಅಯಸ್ಕಾಂತ, ಬುಡದಲ್ಲಿ ಅದನ್ನು ಗುರುತಿಸುವ ಹಾಲ್ ಸಂವೇದಕ. ಎಡ್ವಿನ್ ಹಾಲ್ ಎಂಬ ಅಮೆರಿಕದ ಭೌತವಿಜ್ಞಾನಿ 1879ರಲ್ಲಿ ತೆಳುವಾದ ಚಿನ್ನದ ಹಾಳೆಯಲ್ಲಿ ವಿದ್ಯುತ್ ಹರಿಸಿ ಅಯಸ್ಕಾಂತದ ಎದುರು ಹಿಡಿದಾಗ ಹಾಳೆಯ ಅಡ್ಡಕ್ಕೆ ಸಣ್ಣ ವೋಲ್ಟೇಜ್ ಹುಟ್ಟುವುದನ್ನು ಕಂಡರು. ಅದೇ ಪರಿಣಾಮ ಈಗ ಅಕ್ಕಿಕಾಳಿನಷ್ಟು ಚಿಪ್‌ನಲ್ಲಿ ಕೂತಿದೆ. ಹತ್ತಿರ ಬಂದ ಅಯಸ್ಕಾಂತ ಪರದೆಯದೋ ಚೀಲದ್ದೋ ಎಂದು ಕೇಳಲು ಅದಕ್ಕೆ ಬರುವುದಿಲ್ಲ.

ಖಾತ್ರಿ ಮಾಡಿಕೊಳ್ಳಬೇಕಿತ್ತು. ಕರಡು ಹಾಳೆಗಳಿಗೆ ಚುಚ್ಚುವ ಗುಂಡುಸೂಜಿಯೊಂದನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಗಾಜಿಗೆ ತಾಗದ ಹಾಗೆ, ಪರದೆಯ ಚೌಕಟ್ಟಿನ ಅಂಚಿನುದ್ದಕ್ಕೂ ಸಾಗಿಸಿದೆ. ಮೇಲಿನ ಬಲಮೂಲೆಯಿಂದ ಮೂರು ಬೆರಳು ಈಚೆಗೆ ಸೂಜಿಯ ತುದಿ ಬಾಗಿ ಚೌಕಟ್ಟಿಗೆ ಟಿಕ್ ಎಂದು ಅಂಟಿತು. ಅಲ್ಲೊಂದು ಅಯಸ್ಕಾಂತ. ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿದರೆ ಆ ಜಾಗ ಬುಡದ ಕೆಳಗೆ ಎಲ್ಲಿಗೆ ಬರುತ್ತದೆಂದು ನೋಡಿ ಪೆನ್ಸಿಲ್‌ನಲ್ಲಿ ಚುಕ್ಕೆ ಇಟ್ಟೆ. ಮುಂಭಾಗದ ಬಲ ಅಂಚು. ಯಂತ್ರವನ್ನು ಎರಡು ದಪ್ಪ ಪುಸ್ತಕಗಳ ಮೇಲೆ ಸೇತುವೆಯಂತೆ ಇಟ್ಟು, ಕೀಲಿಗಳ ದೀಪ ಹತ್ತಿಸಿ, ಚೀಲದ ಗುಂಡಿಯನ್ನು ಕೆಳಗಿನಿಂದ ನಿಧಾನವಾಗಿ ಸರಿಸುತ್ತಾ ಹೋದೆ. ಎಡಗಡೆ ಏನೂ ಆಗಲಿಲ್ಲ, ನಡುವೆ ಏನೂ ಇಲ್ಲ. ಚುಕ್ಕೆಯ ಹತ್ತಿರ ಬರುತ್ತಿದ್ದಂತೆ ದೀಪ ಪಟ್ಟನೆ ಆರಿತು. ಒಂದು ಅಂಗುಲ ಕೆಳಗಿಳಿಸಿದೆ, ಹತ್ತಿತು. ಆರು ಸಲ ಮಾಡಿದೆ, ಆರೂ ಸಲ ಹಾಗೆಯೇ. ಅಷ್ಟು ದಿನ ಕಂಗೆಡಿಸಿದ್ದ ವಿಷಯ ಕಣ್ಣೆದುರು ಹೀಗೆ ಕುಣಿದಾಗ ಆದ ಸಂತೋಷ ದೊಡ್ಡದು.

ದಿನವೂ ಕೈಕೊಡದೆ ಆಗೀಗ ಮಾತ್ರ ಕೈಕೊಡುತ್ತಿದ್ದುದಕ್ಕೂ ಉತ್ತರ ಸಿಕ್ಕಿತು. ಚೀಲದ ಮುಚ್ಚುವ ಅಂಚು ಬಲಕ್ಕೆ ಬಂದ ದಿನ ಗುಂಡಿ ಸಂವೇದಕದ ಕೆಳಗೆ ಬೀಳುತ್ತಿತ್ತು, ಎಡಕ್ಕೆ ಬಂದ ದಿನ ಇಲ್ಲ.

ಇದನ್ನು ಹೇಳಿಕೊಂಡ ಮೇಲೆ ಗೆಳತಿಯೊಬ್ಬಳು ಸಂಜೆಯೇ ಫೋನ್ ಮಾಡಿ ತನ್ನ ಲ್ಯಾಪ್‌ಟಾಪ್‌ಗೂ ಹೀಗೇ ಆಗಿದೆ, ಅಯಸ್ಕಾಂತ ಹುಡುಕಿದರೂ ಸಿಗಲಿಲ್ಲ ಎಂದಳು. ಹೋಗಿ ನೋಡಿದೆ. ಅವಳ ಟಚ್‌ಪ್ಯಾಡ್‌ನ ಒಂದು ಅಂಚು ಕವಚದಿಂದ ಮೇಲೆ ಉಬ್ಬಿತ್ತು, ಮುಚ್ಚಿದರೆ ಪರದೆ ಸರಿಯಾಗಿ ಕೂರುತ್ತಿರಲಿಲ್ಲ, ಮೇಜಿನ ಮೇಲಿಟ್ಟರೆ ಬುಡ ತೂಗುತ್ತಿತ್ತು. ಅದು ಬ್ಯಾಟರಿ ಊದಿದ ಗುರುತು. ಲಿಥಿಯಂ ಬ್ಯಾಟರಿಯೊಳಗೆ ಅನಿಲ ತುಂಬಿ ಉಬ್ಬಿದಾಗ ಮೇಲಿರುವ ಟಚ್‌ಪ್ಯಾಡನ್ನೂ ಕೀಲಿಮಣೆಯನ್ನೂ ಒಟ್ಟಿಗೆ ನೂಕುತ್ತದೆ. ಇಂಥದ್ದನ್ನು ಕಂಡರೆ ದಯವಿಟ್ಟು ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಬೆಂಕಿ ಹತ್ತಬಹುದು. ಅವಳ ಯಂತ್ರವನ್ನು ಆಗಲೇ ಆರಿಸಿ, ಹಾಸಿಗೆ ಕಾಗದಗಳಿಂದ ದೂರ, ಸಿಮೆಂಟಿನ ನೆಲದ ಮೇಲಿರಿಸಿ, ಮರುದಿನ ಕಂಪನಿಯ ಸೇವಾ ಕೇಂದ್ರಕ್ಕೆ ಒಯ್ದೆವು.

ಕೀಲಿಮಣೆ ಮಾತ್ರ ಅಥವಾ ಟಚ್‌ಪ್ಯಾಡ್ ಮಾತ್ರ ನಿಂತರೆ ದಾರಿ ಬೇರೆ. ಬಲಗಡೆಯ ಶಿಫ್ಟ್ ಕೀಲಿಯನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಚಾಲೂ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ, ಗಮನಿಸದೆ ಹೌದೆಂದರೆ ಸರಸರನೆ ಒತ್ತಿದ ಅಕ್ಷರಗಳು ಮೂಡದೆ ಕೀಲಿಮಣೆ ಕೆಟ್ಟಂತೆ ಕಾಣುತ್ತದೆ. ಟಚ್‌ಪ್ಯಾಡ್ ಆರಿಸುವ ಕೀಲಿಯೊಂದು ಮೇಲಿನ ಎಫ್ ಸಾಲಿನಲ್ಲಿ ಹಲವು ಯಂತ್ರಗಳಲ್ಲಿರುತ್ತದೆ. ಒಳಗಿನ ಪಟ್ಟಿ ತಂತಿ ಸಡಿಲವಾಗಿಯೂ ಹೀಗಾಗಬಹುದು, ಆದರೆ ಅದು ಯಂತ್ರ ಬಿಚ್ಚುವ ಕೆಲಸ. ಬ್ಯಾಟರಿಯ ಸಂಪರ್ಕ ಮೊದಲು ಕೀಳಬೇಕೆಂದು ತಿಳಿದವರು ಮಾತ್ರ ಅದಕ್ಕೆ ಕೈ ಹಾಕಬೇಕು. ನಾನು ಹಾಕುವುದಿಲ್ಲ.

ದುರಸ್ತಿ ಅಂಗಡಿಯವರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ಬೇಸರಪಡಲಿಲ್ಲ. “ಗುಂಡುಸೂಜಿಯಲ್ಲಿ ನೋಡಿದಿರಾ ಮೇಡಂ?” ಎಂದು ಎರಡು ಸಲ ಕೇಳಿ, ಯಾವ ಮೂಲೆ ಎಂದು ಬರೆದುಕೊಂಡರು.

ನಾದಿನಿ ಪ್ರೀತಿಯಿಂದ ಕೊಟ್ಟ ಚೀಲವನ್ನು ಮೂಲೆಗೆಸೆಯಲು ಮನಸ್ಸಾಗಲಿಲ್ಲ. ಬ್ಲೇಡಿನಿಂದ ಹೊಲಿಗೆ ಬಿಡಿಸಿ ಎರಡೂ ಅಯಸ್ಕಾಂತಗಳನ್ನು ತೆಗೆದು, ಅದೇ ಜಾಗದಲ್ಲಿ ರವಿಕೆಗೆ ಹಾಕುವ ಹಿತ್ತಾಳೆಯ ಟಿಚ್ ಗುಂಡಿಗಳನ್ನು ಹೊಲಿದೆ. ತೆಗೆದ ಅಯಸ್ಕಾಂತಗಳು ಈಗ ಫ್ರಿಜ್ ಬಾಗಿಲ ಮೇಲೆ ಹಾಲಿನ ಲೆಕ್ಕದ ಚೀಟಿ ಹಿಡಿದುಕೊಂಡಿವೆ. ಲ್ಯಾಪ್‌ಟಾಪ್ ಅದೇ ಚೀಲದ ಮೇಲೆ, ಅದೇ ಮೇಜಿನಲ್ಲಿದೆ.