ಮಗಳ ಹಾಲು ಹಲ್ಲು, ನನ್ನ ಕಂದು ಹಲ್ಲು

ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಪಾವಗಡದ ಕಡೆಯವರಿಗೆ ಇದೇನೂ ಹೊಸದಲ್ಲ. ನಮ್ಮ ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋ ತೆಗೆದು ನೋಡಿದರೆ ಬಾಯಿ ಬಿಟ್ಟು ನಕ್ಕವರೇ ಕಮ್ಮಿ. ಬೋರ್‌ವೆಲ್ ನೀರಿನ ಫ್ಲೋರೈಡ್ ಕೊಟ್ಟ ಬಳುವಳಿ. ಹಾಗಾಗಿ ಮಗಳು ಹುಟ್ಟಿದಾಗ ನನಗೆ ಒಂದೇ ಹಟ, ಇವಳ ಹಲ್ಲು ಮಾತ್ರ ಹೀಗಾಗಬಾರದು.

ಆ ಹಟದಲ್ಲೇ ಎಡವಿದೆ. ಅಂಗಡಿಯಲ್ಲಿ ಪೇಸ್ಟಿನ ಡಬ್ಬ ತಿರುಗಿಸಿ ನೋಡುವುದು, ಫ್ಲೋರೈಡ್ ಅಂತ ಬರೆದಿದ್ದರೆ ವಾಪಸ್ ಇಡುವುದು. ಕೊನೆಗೆ ಫ್ಲೋರೈಡ್ ಇಲ್ಲದ, ಸ್ಟ್ರಾಬೆರಿ ವಾಸನೆಯ ಒಂದು ಮಕ್ಕಳ ಪೇಸ್ಟ್ ತಂದೆ. ಬೆಳಗ್ಗೆ ಒಂದು ಸಲ, ಮಗು ಬ್ರಷ್ ಕಚ್ಚಿಕೊಂಡು ಆಡಿದರೆ ಹಲ್ಲುಜ್ಜಿದ ಹಾಗೆ. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ. ಬಾಟಲಿ ಬಾಯಲ್ಲಿದ್ದರೇ ನಿದ್ದೆ. ಮಧ್ಯರಾತ್ರಿ ಎದ್ದರೆ ಇನ್ನೊಂದು ಬಾಟಲಿ. ಮೊಬೈಲ್ ರಿಪೇರಿ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ನನಗೆ ಸುಸ್ತಾಗಿರುತ್ತಿತ್ತು, ಅವಳು ಮಲಗಿದರೆ ಸಾಕಿತ್ತು.

ಮೂರನೇ ವರ್ಷದಲ್ಲಿ ಮನೆದೇವರ ಗುಡಿಯಲ್ಲಿ ಮುಡಿ ಕೊಟ್ಟೆವು. ನನ್ನ ತೊಡೆ ಮೇಲೆ ಮಲಗಿಸಿಕೊಂಡಿದ್ದೆ, ಅವಳು ಆಕಾಶ ನೋಡಿಕೊಂಡು ದೊಡ್ಡ ಬಾಯಿ ಬಿಟ್ಟು ಅಳುತ್ತಿದ್ದಳು. ಮುಡಿ ತೆಗೆಯುವವರು ಕತ್ತಿ ಪಕ್ಕಕ್ಕಿಟ್ಟು ಹೇಳಿದರು, "ಏನ್ಸಾಮಿ, ಮಗೀಗೆ ಮೇಲಿನ ಹಲ್ಲೆಲ್ಲ ಹುಳುಕಾಗೈತಲ್ಲ." ಬಗ್ಗಿ ನೋಡಿದೆ. ಮೇಲಿನ ನಾಲ್ಕೂ ಬಾಚಿ ಹಲ್ಲಿನ ಬುಡದಲ್ಲಿ, ಒಸಡಿಗೆ ಅಂಟಿಕೊಂಡ ಹಾಗೆ, ಸುಣ್ಣದ ಗೆರೆಯಂಥ ಬಿಳಿ. ಎರಡರಲ್ಲಿ ಅದು ಆಗಲೇ ಕಂದಾಗಿ ಗುಳಿ ಬಿದ್ದಿತ್ತು. ಎದುರಿಗೆ ಕೂತು ನಗಿಸಿದರೆ ಕಾಣುತ್ತಿರಲಿಲ್ಲ, ಮೇಲ್ದುಟಿ ಮುಚ್ಚಿಬಿಡುತ್ತಿತ್ತು.

ಮೊದಲು ತೋರಿಸಿದ ಡಾಕ್ಟರು, "ಹಾಲು ಹಲ್ಲು ತಾನೇ, ಬಿದ್ದೋಗುತ್ತೆ ಬಿಡಿ" ಅಂದರು. ಅಮ್ಮನಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಬೆಳಗಿನ ಬಸ್ಸು ಹಿಡಿದು ತುಮಕೂರಿಗೆ ಹೋಗಿ ಮಕ್ಕಳ ಹಲ್ಲಿನ ಡಾಕ್ಟರಿಗೆ ತೋರಿಸಿದೆವು. ಆಕೆ ಮೊದಲು ಕೇಳಿದ್ದು ಪೇಸ್ಟಿನ ವಿಷಯವಲ್ಲ. "ರಾತ್ರಿ ಏನು ಕುಡಿದು ಮಲಗ್ತಾಳೆ?"

ನಿದ್ದೆಯಲ್ಲಿ ಬಾಯಲ್ಲಿ ಜೊಲ್ಲು ಕಮ್ಮಿಯಾಗುತ್ತದಂತೆ. ಹಾಲು, ಸಕ್ಕರೆ ಮೇಲಿನ ಹಲ್ಲಿನ ಸುತ್ತ ನಿಂತುಬಿಡುತ್ತದೆ. ಬಾಯೊಳಗಿನ ಬ್ಯಾಕ್ಟೀರಿಯಾ ಅದನ್ನು ತಿಂದು ಹುಳಿ ಮಾಡುತ್ತದೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಕೆಳಗಿನ ಬಾಚಿ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ, ಅದಕ್ಕೇ ಅವು ಉಳಿದುಕೊಳ್ಳುತ್ತವೆ. ನನ್ನ ಮಗಳ ಬಾಯಿ ಹಾಗೇ ಇತ್ತು. ಕೆಳಗೆ ಮುತ್ತಿನ ಹಾಗೆ, ಮೇಲೆ ಹುಳುಕು.

ನಾನು ನನ್ನ ಹಲ್ಲು ತೋರಿಸಿ, ಫ್ಲೋರೈಡ್ ಪೇಸ್ಟ್ ಯಾಕೆ ಬಿಡಿಸಿದೆ ಅಂತ ಹೇಳಿದೆ. ಆಕೆ ನಗಲಿಲ್ಲ. "ನಿಮ್ಮ ಹಲ್ಲು ಹಾಳಾಗಿದ್ದು ಹೊಟ್ಟೆಗೆ ಹೋದ ಫ್ಲೋರೈಡಿನಿಂದ" ಅಂದರು. ದೊಡ್ಡ ಹಲ್ಲುಗಳು ಒಸಡಿನೊಳಗೆ ತಯಾರಾಗುವ ವಯಸ್ಸಿನಲ್ಲಿ, ಅಂದರೆ ಹುಟ್ಟಿದಾಗಿನಿಂದ ಸುಮಾರು 8 ವರ್ಷದವರೆಗೆ, ಫ್ಲೋರೈಡ್ ಜಾಸ್ತಿ ಇರುವ ನೀರು ಕುಡಿದರೆ ಪಟ್ಟೆ ಬರುತ್ತದೆ. ಪೇಸ್ಟಿನ ಫ್ಲೋರೈಡ್ ಹಲ್ಲಿನ ಹೊರಗಿನಿಂದ ಕೆಲಸ ಮಾಡಿ ಗಟ್ಟಿ ಮಾಡುತ್ತದೆ, ನುಂಗದಿದ್ದರಾಯಿತು. ಆಮೇಲೆ ಒಂದು ಚೀಟಿ ಮೇಲೆ ಲೆಕ್ಕ ಹಾಕಿ ತೋರಿಸಿದರು. 1000 ಪಿಪಿಎಂ ಪೇಸ್ಟು, ಅಂದರೆ ಒಂದು ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್. ಅದು ಅಕ್ಕಿ ಕಾಳಿನಷ್ಟು. ಪೂರ್ತಿ ನುಂಗಿದರೂ ಸುಮಾರು 0.1 ಮಿಲಿಗ್ರಾಂ ಫ್ಲೋರೈಡ್. ಲೀಟರಿಗೆ 2 ಮಿಲಿಗ್ರಾಂ ಇರುವ ಬೋರ್ ನೀರನ್ನು ಒಂದು ಲೀಟರ್ ಕುಡಿದರೆ 2 ಮಿಲಿಗ್ರಾಂ. ಇಪ್ಪತ್ತು ಪಟ್ಟು! ಕುಡಿಯುವ ನೀರಿಗೆ ಸರ್ಕಾರದ ಗರಿಷ್ಠ ಮಿತಿಯೇ ಲೀಟರಿಗೆ 1.5 ಮಿಲಿಗ್ರಾಂ.

ನಾನು ಪೇಸ್ಟ್ ಬಿಡಿಸಿದ್ದೆ. ನೀರು? ಕುಡಿಯೋಕೆ ಶುದ್ಧ ನೀರಿನ ಘಟಕದಿಂದ 5 ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತರುತ್ತಿದ್ದೆವು. ರಾಗಿ ಸರಿ, ಅನ್ನ, ಸಾರು, ಹಾಲಿಗೆ ಬೆರೆಸುವ ನೀರು, ಎಲ್ಲ ನಲ್ಲಿಯದೇ. ಕುದಿಸ್ತೀವಲ್ಲ ಅನ್ನೋ ಧೈರ್ಯ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ. ಅವತ್ತಿನಿಂದ ಮಕ್ಕಳ ಅಡುಗೆಗೂ ಕ್ಯಾನ್ ನೀರೇ. ನಿಮ್ಮೂರಿನ ನೀರು ನಮ್ಮದರ ಹಾಗೇ ಇದ್ದರೆ ಪೇಸ್ಟಿನ ವಿಷಯ ಡಾಕ್ಟರಿಗೆ ನೀರಿನ ಕತೆ ಹೇಳಿಯೇ ಕೇಳಿ.

ಗುಳಿ ಬಿದ್ದ ಹಲ್ಲುಗಳಿಗೆ ಬೆಳ್ಳಿ ಬೆರೆತ ಒಂದು ಔಷಧಿ ಬಳಿದರು. ಡ್ರಿಲ್ ಇಲ್ಲ, ಇಂಜೆಕ್ಷನ್ ಇಲ್ಲ, ಒಂದೆರಡು ನಿಮಿಷದ ಕೆಲಸ. ಹುಳುಕು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ, ಆದರೆ ಹುಳುಕಿದ ಜಾಗ ಕಪ್ಪಾಗಿಬಿಡುತ್ತದೆ. ಮೊದಲೇ ಹೇಳಿದ್ದರು, ಒಪ್ಪಿಕೊಂಡಿದ್ದೆವು. ಆದರೂ ಮದುವೆ ಮನೆಗಳಲ್ಲಿ "ಅಯ್ಯೋ, ಮಗೂಗೆ ಏನಾಯ್ತು?" ಅಂತ ಕೇಳಿಸಿಕೊಂಡು ಸಾಕಾಯಿತು. ಒಂದು ದವಡೆ ಹಲ್ಲಿಗೆ ಸಿಮೆಂಟ್ ತುಂಬಿದರು. ಆ ಹಿಂದಿನ ಹಾಲು ಹಲ್ಲುಗಳು 10-12 ವರ್ಷದವರೆಗೆ ಇರಬೇಕು. ಮುಂಚೆಯೇ ಕೀಳಿಸಿಬಿಟ್ಟರೆ ಪಕ್ಕದವು ವಾಲಿಕೊಂಡು ದೊಡ್ಡ ಹಲ್ಲಿಗೆ ಜಾಗವೇ ಇಲ್ಲದಂತೆ ಮಾಡುತ್ತವೆ.

ಬಾಟಲಿ ಬಿಡಿಸಿದ್ದು ದೊಡ್ಡ ಯುದ್ಧ. ಒಂದೇ ಸಲ ಕಿತ್ತುಕೊಂಡೆವು, ಎರಡು ರಾತ್ರಿ ಬೀದಿಯವರಿಗೆಲ್ಲ ನಿದ್ದೆ ಇಲ್ಲ. ಮೂರನೇ ರಾತ್ರಿ ಅಮ್ಮ, "ಮಗು ಹಸ್ಕೊಂಡು ಮಲಗಬೇಕೇನೋ, ಪಾಪಿ" ಅಂತ ಅವರೇ ಬಾಟಲಿ ಕೊಟ್ಟರು. ಆಮೇಲೆ ಬೇರೆ ದಾರಿ ಹಿಡಿದೆ. ಮೊದಲು ಸಕ್ಕರೆ ನಿಲ್ಲಿಸಿದೆ. ಎರಡು ದಿನ ಬಿಟ್ಟು ಹಾಲಿಗೆ ಕಾಲು ಭಾಗ ನೀರು, ಇನ್ನೆರಡು ದಿನಕ್ಕೆ ಅರ್ಧ, ಆಮೇಲೆ ಮುಕ್ಕಾಲು. ಹತ್ತನೇ ದಿನಕ್ಕೆ ಬಾಟಲಿಯಲ್ಲಿ ಬರೀ ನೀರು. ಅವಳೇ ಎರಡು ಗುಟುಕು ಎಳೆದು, ಮುಖ ಸಿಂಡರಿಸಿ, ಬಾಟಲಿ ಎಸೆದಳು. ಈಗ ಹಾಲು ರಾತ್ರಿ ಊಟದ ಜೊತೆಗೇ, ಲೋಟದಲ್ಲಿ. ಸಕ್ಕರೆ ಬದಲು ಬೆಲ್ಲ ಹಾಕಿದರೆ ಏನೂ ಆಗಲ್ಲ ಅಂತ ಅಮ್ಮ ಇವತ್ತಿಗೂ ವಾದ ಮಾಡುತ್ತಾರೆ. ಹಲ್ಲಿಗೆ ಎರಡೂ ಒಂದೇ.

ಉಜ್ಜುವ ಡ್ಯೂಟಿ ನನ್ನದಾಯಿತು. ಹೆಂಡತಿ ಬೆಳಗ್ಗೆ ಬೇಗ ಕೆಲಸಕ್ಕೆ ಹೋಗುತ್ತಾಳೆ, ರಾತ್ರಿ ಕೆಲಸ ನಾನು ನೋಡಿಕೊಳ್ಳಬೇಕಿತ್ತು. ಮುಡಿ ಕೊಟ್ಟ ದಿನವೇ ಸರಿಯಾದ ಭಂಗಿ ಗೊತ್ತಾಗಿತ್ತಲ್ಲ, ಹಾಗೇ ಮಾಡಿದೆ. ಚಾಪೆ ಮೇಲೆ ಕಾಲು ಚಾಚಿ ಕೂರುವುದು, ಅವಳ ತಲೆ ನನ್ನ ತೊಡೆ ಮೇಲೆ, ಮುಖ ಮೇಲಕ್ಕೆ. ಅಂಗಡಿಯ ಹೆಡ್‌ಲೈಟ್ ಹಣೆಗೆ ಕಟ್ಟಿಕೊಂಡೆ. ಮೊದಲ ವಾರ ಬ್ರಷ್ ಕಂಡರೆ ಕಿರುಚುತ್ತಿದ್ದಳು, ಅದರಲ್ಲೂ ಮೇಲಿನ ಮುಂದಿನ ಹಲ್ಲಿಗೆ ಹೋದಾಗ. ಹಟ ಅಂದುಕೊಂಡಿದ್ದೆ. ಲೈಟ್ ಹಾಕಿ ತುಟಿ ಎತ್ತಿ ನೋಡಿದರೆ, ಮೇಲ್ದುಟಿಯಿಂದ ಒಸಡಿನ ನಡುಮಧ್ಯಕ್ಕೆ ಒಂದು ದಾರದಂಥ ಮಾಂಸ. ಬ್ರಷ್ಷಿನ ತಲೆ ಪ್ರತಿ ಸಲ ಅದಕ್ಕೇ ಬಡಿಯುತ್ತಿತ್ತು! ಎಡಗೈ ತೋರುಬೆರಳಿನಿಂದ ತುಟಿ ಎತ್ತಿ, ಆ ಎಳೆಯ ಮೇಲೆ ಬೆರಳು ಅಡ್ಡ ಇಟ್ಟು ಉಜ್ಜಿದೆ. ಕಿರುಚಾಟ ಅರ್ಧಕ್ಕರ್ಧ ನಿಂತಿತು. ಬ್ರಷ್ ಮುಷ್ಟಿಯಲ್ಲಿ ಹಿಡಿಯಬಾರದು, ಪೆನ್ನು ಹಿಡಿದ ಹಾಗೆ ಹಿಡಿಯಬೇಕು. ಮೊಬೈಲ್ ಬೋರ್ಡ್ ಕ್ಲೀನ್ ಮಾಡುವಾಗ ನಾನು ಹಿಡಿಯುವುದೂ ಹಾಗೇ, ಜೋರಾಗಿ ಒತ್ತಿದರೆ ಪಾರ್ಟೇ ಕಿತ್ತು ಬರುತ್ತದೆ.

ಮೂರು ವರ್ಷದವರೆಗೆ ಅಕ್ಕಿ ಕಾಳಿನಷ್ಟು ಪೇಸ್ಟ್, ಆಮೇಲೆ ಬಟಾಣಿ ಕಾಳಿನಷ್ಟು. ಪೇಸ್ಟ್ ಟ್ಯೂಬು ಎತ್ತರದ ಶೆಲ್ಫಿನ ಮೇಲಿರುತ್ತದೆ, ಮಕ್ಕಳ ಕೈಗೆ ಸಿಗದ ಹಾಗೆ. ಉಗಿಸುತ್ತೇನೆ, ನೀರು ಹಾಕಿ ಮುಕ್ಕಳಿಸುವುದಿಲ್ಲ. ಆದಮೇಲೆ ಬೆಳಗಿನವರೆಗೆ ನೀರು ಬಿಟ್ಟು ಏನೂ ಇಲ್ಲ. ಕೆಮ್ಮಿನ ಸಿರಪ್ ಇದ್ದರೆ ಅದೂ ಉಜ್ಜುವುದಕ್ಕೆ ಮುಂಚೆ, ಯಾಕೆಂದರೆ ಎಷ್ಟೋ ಸಿರಪ್‌ಗಳು ಸಕ್ಕರೆ ಪಾಕವೇ. ತಿಂಗಳಿಗೊಮ್ಮೆ ತುಟಿ ಎತ್ತಿ ಬುಡದಲ್ಲಿ ಬಿಳಿ ಗೆರೆ ಇದೆಯಾ ಅಂತ ನೋಡುತ್ತೇನೆ. ಬಿಳಿ ಇರುವಾಗಲೇ ಹಿಡಿದರೆ ಹಲ್ಲು ಸುಧಾರಿಸಿಕೊಳ್ಳಬಹುದು, ಗುಳಿ ಬಿದ್ದ ಮೇಲೆ ಹಳೇ ರೂಪ ಬರಲ್ಲ.

ಮಗನಿಗೆ ಮೊದಲ ಹಲ್ಲು ಬಂದ ದಿನದಿಂದಲೇ ಶುರು ಮಾಡಿದೆ. ಅವನದು ಮೇಲಿನ ಹಲ್ಲು ಮೊದಲು ಬಂತು. ಸೋದರಮಾವನಿಗೆ ಆಗಿಬರಲ್ಲ ಅಂತ ನಮ್ಮ ಕಡೆ ಮಾತು. ಬಾಮೈದ ಫೋನ್ ಮಾಡಿ, "ಬಾವ, ಪೂಜೆ ಏನಾದ್ರೂ ಮಾಡಿಸ್ಬೇಕಾ?" ಅಂದ. ಒಂದು ಸಣ್ಣ ಬ್ರಷ್ ಕೊಡಿಸಪ್ಪಾ ಸಾಕು ಅಂದೆ. ನಿಜವಾಗಿಯೂ ನಾಲ್ಕು ತಂದ.

ಮಗಳಿಗೆ ಈಗ ಆರೂವರೆ. ಕೈಗೆ ಬ್ರಷ್ ಕೊಟ್ಟರೆ ತಾನೇ ಉಜ್ಜುತ್ತಾಳೆ, ಕೊನೆ ಸುತ್ತು ಮಾತ್ರ ಇನ್ನೂ ನನ್ನದೇ. ಹೋದ ತಿಂಗಳು ಕೆಳಗೆ, ಹಾಲಿನ ದವಡೆ ಹಲ್ಲುಗಳ ಹಿಂದೆ ಹೊಸದೊಂದು ತಲೆ ಎತ್ತಿತ್ತು. ಆ ಜಾಗದಲ್ಲಿ ಯಾವ ಹಲ್ಲೂ ಬೀಳದೆ ಬಂದಿದೆಯಲ್ಲ, ಇದೂ ಹಾಲು ಹಲ್ಲೇ ಅಂದುಕೊಂಡಳು ನನ್ನ ಹೆಂಡತಿ. ಅಲ್ಲ, ಅದು ಜೀವನ ಪೂರ್ತಿ ಇರಬೇಕಾದ ದವಡೆ. ಆರು ವರ್ಷದ ಹೊತ್ತಿಗೆ ಹೀಗೆ ಸದ್ದಿಲ್ಲದೆ ಬರುತ್ತದೆ. ಇನ್ನೂ ಪೂರ್ತಿ ಎದ್ದಿಲ್ಲ, ಬ್ರಷ್ ನೇರವಾಗಿ ಹೋದರೆ ಅದನ್ನು ಮುಟ್ಟುವುದೇ ಇಲ್ಲ. ಕೆನ್ನೆ ಕಡೆಯಿಂದ ಅಡ್ಡ ಹಾಕಿ ಉಜ್ಜಬೇಕು.

ಕೆಳಗಿನ ಎರಡು ಬಾಚಿ ಹಲ್ಲು ಬಿದ್ದಾಗ ಅಮ್ಮ ಸಗಣಿಯಲ್ಲಿ ಸುತ್ತಿ ಮನೆ ಮೇಲೆ ಎಸೆಯಲು ಕೊಟ್ಟರು. ನಮ್ಮದು ಆರ್‌ಸಿಸಿ, ಅವಳ ಕೈಗೆ ಎಟುಕದ ಎತ್ತರ. ಒಂದು ಹೋಗಿ ಪಕ್ಕದ ಮನೆ ಶೀಟಿನ ಮೇಲೆ ಟಣ್ ಅಂತು. ಬಿದ್ದ ಹಲ್ಲಿನ ಜಾಗದಲ್ಲಿ ಬಂದ ಹೊಸ ಹಲ್ಲನ್ನು ಹೆಡ್‌ಲೈಟ್ ಹಾಕಿ ನೋಡಿದೆ. ಸದ್ಯಕ್ಕೆ ಪಟ್ಟೆ ಕಾಣಿಸಿಲ್ಲ. ಮೇಲಿನ ಕರಿ ಹಲ್ಲು ಅಲ್ಲಾಡುತ್ತಿದೆ, ದಿನಾ ನಾಲಿಗೆಯಿಂದ ತಳ್ಳುತ್ತಾಳೆ. ಎಳೀಬೇಡ, ತಾನಾಗೇ ಬೀಳಲಿ ಅಂದಿದ್ದೀನಿ.